ಬೆರಳೆಂದರೆ ಕಾಲುವೆಯ ಕೊನೇ ಭಾಗ

ಪ್ರಶ್ನೆ: ನಮ್ಮೂರು ರಾಯಚೂರು ಜಿಲ್ಲೆಯ ಸಿರವಾರದ ಹತ್ತಿರ. ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಓದುತ್ತಿದ್ದೇನೆ. ಎರಡು ವರ್ಷದ ಹಿಂದೆ ಮುರುಡೇಶ್ವರದ ನೇತ್ರಾಣಿಯಲ್ಲಿ ಸ್ಕೂಬಾ ಕಲಿತಿದ್ದೆ. ಇಲ್ಲಿ ಗೆಳತಿಯರ ಜೊತೆ ಸ್ಟೋನಿ ಕೋವ್ ಅನ್ನುವ ಹಳೇ ಕಲ್ಲು ಕ್ವಾರಿಯ ನೀರಿಗೆ ಇಳಿಯುತ್ತಿದ್ದೇನೆ. ನೀರು 7 ಡಿಗ್ರಿ. 7 ಮಿ.ಮೀ. ವೆಟ್‌ಸೂಟ್, 5 ಮಿ.ಮೀ. ಗ್ಲೌಸ್ ಹಾಕಿದರೂ ಕಾಲು ಗಂಟೆಗೆ ಬೆರಳು ಮರಗಟ್ಟುತ್ತವೆ. ಮೇಲೆ ಬಂದ ಮೇಲೆ ಅಳು ಬರುವಷ್ಟು ನೋವು. ಇನ್ನೂ ದಪ್ಪ ಗ್ಲೌಸ್ ತಗೊಳ್ಳಲಾ? ಬಿಸಿಲೂರಿನವರ ಕೈಗೆ ಇದು ಆಗಿಬರಲ್ಲ ಅಂತ ಗೆಳತಿಯರು ನಗುತ್ತಾರೆ, ನಿಜಾನಾ? ಸಂಕ್ರಾಂತಿಗೆ ಊರಿಗೆ ಬರುತ್ತೇನೆ. ಅಲ್ಲಿದ್ದಾಗ ಏನಾದರೂ ಅಭ್ಯಾಸ ಮಾಡಬಹುದಾ? ಅವ್ವ ಉಣ್ಣೆ ಗ್ಲೌಸ್ ಹೆಣೆದು ಕೊಡುತ್ತೇನೆ ಅನ್ನುತ್ತಿದ್ದಾಳೆ.

ಉತ್ತರ: ತಂಗಿ, ದಪ್ಪ ಗ್ಲೌಸ್ ಬೇಡ. ಸದ್ಯಕ್ಕೆ ಆ ದುಡ್ಡು ಹಾಗೇ ಇರಲಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗ್ಲೌಸ್ ಅಲ್ಲ, ವೆಟ್‌ಸೂಟ್. 7 ಡಿಗ್ರಿ ನೀರಿಗೆ ವೆಟ್‌ಸೂಟ್, ಅಂದರೆ ಒಳಗೆ ನೀರು ನುಸುಳುವ ರಬ್ಬರ್ ಸೂಟ್, ಹಾಕಿಕೊಂಡು ಇಳಿದು ಬೆರಳಿನ ಬಗ್ಗೆ ಕೇಳುತ್ತಿದ್ದೀರಿ. ಮಾಳಿಗೆ ಸೋರುತ್ತಿರುವಾಗ ಹೊಸ್ತಿಲು ಒರೆಸಿದ ಹಾಗಾಯಿತು.

ನಾನು ಕೊಪ್ಪಳ ಜಿಲ್ಲೆಯ ಮುನಿರಾಬಾದಿನವನು. ಡ್ಯಾಮಿನ ಮಗ್ಗುಲಲ್ಲೇ ಬೆಳೆದವನು. ಆಮೇಲೆ ಇಪ್ಪತ್ತು ವರ್ಷ ಹೊರದೇಶಗಳಲ್ಲಿ ನೀರೊಳಗಿನ ಕೆಲಸ ಮಾಡಿದೆ, ಹೆಚ್ಚಿನದು ತಣ್ಣೀರಿನಲ್ಲೇ. ಈಗ ಊರಿಗೆ ಬಂದು ಕೂತಿದ್ದೇನೆ. ಇದನ್ನು ಬರೆಯುವಾಗ ಹೊರಗೆ 17 ಡಿಗ್ರಿ. ಟೀ ಅಂಗಡಿ ಮುಂದೆ ಜನ ಕಿವಿಗೆ ಮಫ್ಲರ್ ಸುತ್ತಿಕೊಂಡು, ಏನ್ ಚಳಿ ಬಿಡಪ್ಪ ಅಂತ ನಡುಗುತ್ತಿದ್ದಾರೆ. ನಿಮ್ಮ 7 ಡಿಗ್ರಿ ನೀರಿನ ಕತೆ ಹೇಳಿದರೆ ನನ್ನನ್ನೇ ಹುಚ್ಚ ಅಂದಾರು.

ನಾನು ಕಾಲುವೆ ಹುಟ್ಟುವ ಕಡೆಯವನು, ನೀವು ಅದು ಮುಗಿಯುವ ಕಡೆಯವರು. ಹಾಗಾಗಿ ನಿಮಗೆ ಈ ಮಾತು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಇಲ್ಲಿಂದ ಹೊರಟು ಗಂಗಾವತಿ, ಸಿಂಧನೂರು ದಾಟಿ ನಿಮ್ಮ ಕಡೆ ಬರುವಷ್ಟರಲ್ಲಿ ಎಷ್ಟು ದೂರ ಹರಿದಿರುತ್ತದೆ! ಇಡೀ ಕಾಲುವೆ 200 ಕಿಲೋಮೀಟರಿಗೂ ಜಾಸ್ತಿ. ಡ್ಯಾಮಿನಲ್ಲಿ ನೀರು ಕಮ್ಮಿಯಾದರೆ ಮೊದಲು ಒಣಗುವುದು ಯಾರ ಹೊಲ? ಕೊನೇ ಭಾಗದವರದ್ದು. ನಿಮ್ಮ ಅಪ್ಪ ತಮ್ಮ ಹೊಲದ ತೂಬು ಎಷ್ಟೇ ರಿಪೇರಿ ಮಾಡಿಸಲಿ, ಮೇಲಿಂದ ಗೇಜ್ (ಕಾಲುವೆಯಲ್ಲಿ ನೀರಿನ ಮಟ್ಟ) ಬರದಿದ್ದರೆ ಏನು ಮಾಡಿಯಾರು?

ಮೈಯಲ್ಲೂ ಹಾಗೇ. ಡ್ಯಾಮು ಅಂದರೆ ಎದೆ, ಹೊಟ್ಟೆ. ಬೆರಳು ಅಂದರೆ ಕೊನೇ ಭಾಗದ ಹೊಲ. ಒಳಮೈಯನ್ನು 37 ಡಿಗ್ರಿ ಆಸುಪಾಸಿನಲ್ಲಿ ಇಡುವುದೇ ದೇಹಕ್ಕೆ ಮುಖ್ಯ. ಎದೆ, ಬೆನ್ನು ತಣ್ಣಗಾಗುತ್ತಿವೆ ಅಂತ ಗೊತ್ತಾದ ತಕ್ಷಣ ಕೈಕಾಲಿಗೆ ಹೋಗುವ ರಕ್ತದ ಗೇಟುಗಳನ್ನು ಅದು ಇಳಿಸಿಬಿಡುತ್ತದೆ. ಹೃದಯ, ಮೆದುಳು ಇವೆಲ್ಲ ಕುಡಿಯುವ ನೀರಿನ ಪಾಲು. ಬೆರಳು ಎರಡನೇ ಬೆಳೆ. ಎರಡನೇ ಬೆಳೆಗೆ ನೀರಿಲ್ಲ ಅಂತ ಡಂಗುರ ಸಾರಿದ ಮೇಲೆ ತೂಬಿಗೆ ಎಷ್ಟು ದಪ್ಪ ಬಾಗಿಲು ಹಾಕಿದರೂ ಅಷ್ಟೇ. ಗ್ಲೌಸ್ ಅನ್ನುವುದು ಬಂದ ಶಾಖ ಹೋಗದಂತೆ ತಡೆಯುತ್ತದೆ. ಶಾಖವನ್ನು ಹುಟ್ಟಿಸಲ್ಲ. ಶಾಖ ಬರಬೇಕಾದದ್ದು ರಕ್ತದಿಂದ.

2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಆಗ ಯಾರೂ ತಮ್ಮ ಹೊಲದ ತೂಬು ಹಿಡಿದು ಕೂರಲಿಲ್ಲ. ಡ್ಯಾಮಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು, ಇಳಿಸಿ ನೀರು ನಿಲ್ಲಿಸಿದರು. ನಿಮ್ಮ ವೆಟ್‌ಸೂಟ್‌ನ ಕುತ್ತಿಗೆಯಿಂದ, ಬೆನ್ನಿನ ಜಿಪ್ಪಿನಿಂದ ಪ್ರತಿ ಸಲ ತಿರುಗಿದಾಗ ತಣ್ಣೀರು ಒಳಗೆ ಹರಿಯುತ್ತಿದೆ ಅಂದುಕೊಳ್ಳಿ. ಅದೇ ನಿಮ್ಮ 19ನೇ ಗೇಟ್.

ಹಾಗಾದರೆ ಏನು ಮಾಡಬೇಕು? ನೀರು 10 ಡಿಗ್ರಿಗಿಂತ ಕೆಳಗೆ ಇರುವ ಕಡೆ ಡ್ರೈಸೂಟ್‌ಗೆ ಹೋಗಿ. ಅಲ್ಲಿ ಚಳಿಗಾಲದಲ್ಲೂ ಡೈವ್ ಮಾಡುವ ಬಹಳ ಜನ ಹಾಕುವುದು ಅದನ್ನೇ. ಅದರೊಳಗೆ ನೀರು ಬರಲ್ಲ, ಗಾಳಿ ಇರುತ್ತದೆ, ಒಳಗೆ ಬೆಚ್ಚನೆ ಬಟ್ಟೆ ಹಾಕಿಕೊಳ್ಳಬಹುದು. ದುಬಾರಿ ಹೌದು. ಮೊದಲು ಬಾಡಿಗೆಗೆ ತಂದು ನೋಡಿ. ಆದರೆ ಡ್ರೈಸೂಟ್ ಬಳಸಲು ಬೇರೆ ತರಬೇತಿ ಬೇಕು. ಸೂಟಿನೊಳಗಿನ ಗಾಳಿ ಕಾಲಿನ ಕಡೆ ಹೋಗಿ ಸೇರಿಕೊಂಡರೆ ತಲೆಕೆಳಗಾಗಿ ಸರ್ರನೆ ಮೇಲೆದ್ದು ಬಿಡುತ್ತೀರಿ. ಗೆಳತಿಯ ಸೂಟ್ ಹಾಕಿಕೊಂಡು ಸುಮ್ನೆ ಇಳಿಯುವ ಕೆಲಸ ಬೇಡ.

ಅಲ್ಲಿಯವರೆಗೆ ವೆಟ್‌ಸೂಟ್‌ನಲ್ಲೇ ಇಳಿಯುವುದಾದರೆ ಒಳಗೆ ಹುಡ್ ಸಮೇತ ಇರುವ ನಿಯೋಪ್ರಿನ್ (ವೆಟ್‌ಸೂಟಿನ ಮೆತ್ತನೆ ರಬ್ಬರ್) ವೆಸ್ಟ್ ಹಾಕಿ. ಎದೆ, ಕುತ್ತಿಗೆ, ತಲೆ ಮೂರೂ ಮುಚ್ಚುತ್ತವೆ. ದಪ್ಪ ಗ್ಲೌಸ್‌ಗೆ ಕೊಡುವ ದುಡ್ಡು ಈ ವೆಸ್ಟ್‌ಗೆ ಹಾಕಿದರೆ ಬೆರಳಿಗೆ ಜಾಸ್ತಿ ಲಾಭ. ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ಉತ್ಪ್ರೇಕ್ಷೆ. ಆದರೂ ತಣ್ಣೀರಲ್ಲಿ ತಲೆ ತೆರೆದಿಡಬಾರದು. ಡೈವ್ ಕೂಡ ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ. ನೇತ್ರಾಣಿಯ ಲೆಕ್ಕ ಇಲ್ಲಿ ನಡೆಯಲ್ಲ. ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ. ನೇತ್ರಾಣಿಯ ಬೆಚ್ಚನೆ ನೀರಲ್ಲೂ ಗಂಟೆಗಟ್ಟಲೆ ಇದ್ದರೆ ಮೈ ತಣ್ಣಗಾಗುತ್ತದೆ.

ಈಗ ನನ್ನದೇ ಒಂದು ಪಜೀತಿ. ಮೊದಲ ಸಲ ಸ್ಕಾಟ್ಲೆಂಡಿಗೆ ಹೋದಾಗ ನನಗೆ ಬಹಳ ಧಿಮಾಕು. ನದೀಲಿ ಬೆಳೆದವನು, ನನಗೇನು ತಣ್ಣೀರು ಅಂತ. ಅಲ್ಲಿ ಸರೋವರಕ್ಕೆ ಲಾಕ್ ಅನ್ನುತ್ತಾರೆ. ಅಂಥ ಒಂದು ಲಾಕ್‌ನಲ್ಲಿ, 6 ಡಿಗ್ರಿ ನೀರಲ್ಲಿ, ಎರವಲು ತಂದ ಸಡಿಲ ಗ್ಲೌಸ್ ಹಾಕಿಕೊಂಡು ಇಳಿದೆ. ಮೊದಲ ಐದು ನಿಮಿಷ ಬೆರಳು ಉರಿದವು. ಹತ್ತು ನಿಮಿಷಕ್ಕೆ ನೋವು ಕಿತ್ತುಕೊಂಡು ಬಂತು. ಆಮೇಲೆ ನೋವೇ ಇಲ್ಲ. ನೋಡಿ, ಒಗ್ಗಿಹೋಯಿತು ಅಂದುಕೊಂಡೆ.

12 ಮೀಟರ್ ಆಳದಲ್ಲಿ ನಿಧಾನಕ್ಕೆ ಕೆಳಗಿಳಿಯುತ್ತಿದ್ದೇನೆ ಅನಿಸಿತು. ಬಿಸಿಡಿಗೆ, ಅಂದರೆ ತೇಲುವುದನ್ನು ಹದ ಮಾಡುವ ಗಾಳಿ ಜಾಕೆಟ್ಟಿಗೆ, ಸ್ವಲ್ಪ ಗಾಳಿ ತುಂಬಬೇಕು. ಎಡಗೈಯಲ್ಲಿ ಅದಕ್ಕೆ ಗಾಳಿ ತುಂಬುವ ಇನ್‌ಫ್ಲೇಟರ್ ಹಿಡಿದು ಹೆಬ್ಬೆರಳಿಂದ ಬಟನ್ ಒತ್ತಿದೆ. ಗಾಳಿ ಬರಲಿಲ್ಲ. ಜೋರಾಗಿ ಒತ್ತಿದೆ. ಇಲ್ಲ. ಬಗ್ಗಿ ನೋಡಿದರೆ ಹೆಬ್ಬೆರಳು ಬಟನ್ ಪಕ್ಕದ ಪ್ಲಾಸ್ಟಿಕ್ಕನ್ನು ಒತ್ತುತ್ತಾ ಕೂತಿದೆ. ಅದು ನನ್ನ ಬೆರಳು ಅಂತಲೇ ಅನಿಸಲಿಲ್ಲ, ಯಾರದ್ದೋ ಬೆರಳನ್ನು ನೋಡಿದ ಹಾಗಿತ್ತು. ಕೊನೆಗೆ ಬಲಗೈ ಅಂಗೈಯ ಬುಡದಿಂದ ಒತ್ತಿ ಗಾಳಿ ತುಂಬಿದೆ. ದಡಕ್ಕೆ ಬಂದು ಬಕಲ್ ಬಿಚ್ಚಲೂ ಆಗಲಿಲ್ಲ. ಜೊತೆಗಿದ್ದ ಒಬ್ಬ ಹಿರಿಯರು ಬಕಲ್ ಬಿಚ್ಚಿ, ಜಿಪ್ ಎಳೆದು, ನನ್ನ ಎರಡೂ ಕೈ ಕೂಡಿಸಿ ಅದರ ನಡುವೆ ಚಹದ ಲೋಟ ಇಟ್ಟರು. ಶಾಲೆಗೆ ಹೋಗುವ ಹುಡುಗನಿಗೆ ಅಂಗಿ ಗುಂಡಿ ಹಾಕಿದ ಹಾಗೆ.

ನೋವು ನಿಂತಿತು ಅಂದರೆ ಬೆಚ್ಚಗಾಯಿತು ಅಂತಲ್ಲ. ನೋವು ತಿಳಿಸುವ ನರವೇ ಕೆಲಸ ನಿಲ್ಲಿಸಿತು ಅಂತ. ಬೆರಳಿನ ಚರ್ಮ ಸುಮಾರು 15 ಡಿಗ್ರಿಗೆ ಇಳಿದರೆ ಸಣ್ಣ ಕೆಲಸ ತಪ್ಪತೊಡಗುತ್ತದೆ. 8 ಡಿಗ್ರಿ ಹತ್ತಿರ ಬಂದರೆ ಮುಟ್ಟಿದ್ದೇ ಗೊತ್ತಾಗಲ್ಲ. ಇನ್ನೊಂದು ವಿಷಯ. ಬಲಗೈಯ ಮೊಣಕೈ ಕೆಳಗೆ ಎಡಗೈ ಇಟ್ಟು, ಬಲಗೈ ಬೆರಳು ಆಡಿಸಿ ನೋಡಿ. ಚರ್ಮದ ಅಡಿಯಲ್ಲಿ ಏನೋ ಹೊರಳುತ್ತದೆ ಅಲ್ವಾ? ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳೆಲ್ಲ ಅಲ್ಲೇ ಇರುವುದು. ಬೆರಳಲ್ಲಿ ಬರೀ ಎಲುಬು, ನರ, ಹಗ್ಗದಂಥ ನಾರು. ಅದಕ್ಕೇ ಬೆರಳು ತಾನಾಗಿ ಬಿಸಿ ಹುಟ್ಟಿಸಲ್ಲ. ಮುಂಗೈ ತಣ್ಣಗಾದರೆ, ಬೆರಳು ಎಷ್ಟೇ ಬೆಚ್ಚಗಿರಲಿ, ಹಿಡಿತದ ಬಲ ಹೋಗುತ್ತದೆ. ತೋಳಿಗೆ ತೆಳ್ಳಗಿನ ಸೂಟ್ ಹಾಕಿ ಕೈಗೆ ದಪ್ಪ ಗ್ಲೌಸ್ ಹಾಕುವವರಿಗೆ ಇದು ಗೊತ್ತಿರಲ್ಲ.

ಹಾಗಾಗಿ ನೀರೊಳಗೆ ಐದು ನಿಮಿಷಕ್ಕೊಮ್ಮೆ ಹೆಬ್ಬೆರಳಿನ ತುದಿಯನ್ನು ಕಿರುಬೆರಳಿನ ತುದಿಗೆ ಮುಟ್ಟಿಸಿ. ಎರಡೂ ಕೈಯಲ್ಲಿ. ಮುಟ್ಟಿಸಲು ಕಷ್ಟವಾಯಿತೋ, ಡೈವ್ ಮುಗಿಯಿತು. ಸಿಲಿಂಡರಿನಲ್ಲಿ ಎಷ್ಟೇ ಗಾಳಿ ಉಳಿದಿರಲಿ, ಜೊತೆಯವರಿಗೆ ಸನ್ನೆ ಮಾಡಿ ಮೇಲೆ ಬನ್ನಿ. ಇನ್‌ಫ್ಲೇಟರ್ ಒತ್ತಲು, ಗಾಳಿ ಬಿಡಲು, ತೂಕದ ಬೆಲ್ಟ್ ಕಳಚಲು, ಗೆಳತಿಗೆ ಬದಲಿ ರೆಗ್ಯುಲೇಟರ್ (ಸಿಲಿಂಡರಿನಿಂದ ಉಸಿರೆಳೆಯುವ ಸಾಧನ) ಕೊಡಲು ಬೆರಳು ಬೇಕು. ಇದರಲ್ಲಿ ನಾಚಿಕೆಗೆ ಜಾಗ ಇಲ್ಲ.

ದಪ್ಪ ಗ್ಲೌಸ್ ಯಾಕೆ ಬೇಡ ಅಂದೆ ಅಂತ ಹೇಳಬೇಕು. ಬೆರಳು ಸಣ್ಣ ಉರುಟು ವಸ್ತು. ಅದರ ಸುತ್ತ ದಪ್ಪ ಜಾಸ್ತಿ ಮಾಡಿದಷ್ಟೂ ಹೊರಗಿನ ಮೈ ಕೂಡ ದೊಡ್ಡದಾಗುತ್ತದೆ, ತಣ್ಣೀರು ತಾಗುವ ಜಾಗವೂ ಜಾಸ್ತಿಯಾಗುತ್ತದೆ. ಎದೆಯ ಮೇಲೆ 2 ಮಿ.ಮೀ. ಜಾಸ್ತಿ ಹಾಕಿದರೆ ಸಿಗುವ ಲಾಭ ಬೆರಳಿನ ಮೇಲೆ ಸಿಗಲ್ಲ. ಜೊತೆಗೆ, ಬಿರುಸಾದ ದಪ್ಪ ಗ್ಲೌಸನ್ನು ಮಡಚಿ ಮಡಚಿ ಮುಂಗೈ ಸೋಲುತ್ತದೆ. ಬಿಗಿ ಇದ್ದರಂತೂ ಇರುವ ರಕ್ತವನ್ನೂ ಹಿಂಡಿಬಿಡುತ್ತದೆ. ನಿಯೋಪ್ರಿನ್ ಬೆಚ್ಚಗಿಡುವುದು ಅದರೊಳಗಿನ ಗಾಳಿ ಗುಳ್ಳೆಗಳಿಂದ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು. ಗುಳ್ಳೆ ಅಷ್ಟಷ್ಟು ಕುಗ್ಗುತ್ತವೆ. ಅಂಗಡಿಯಲ್ಲಿ 5 ಮಿ.ಮೀ. ಇದ್ದದ್ದು ಆಳದಲ್ಲಿ 5 ಮಿ.ಮೀ. ಆಗಿ ಇರಲ್ಲ.

ಗ್ಲೌಸ್ ಬದಲಿಸಲೇಬೇಕು ಅಂದರೆ ಮೂರು ಬೆರಳಿನ ಮಿಟನ್ ನೋಡಿ. ಹೆಬ್ಬೆರಳು ಬೇರೆ, ತೋರುಬೆರಳು ಬೇರೆ, ಉಳಿದ ಮೂರು ಒಂದೇ ಚೀಲದಲ್ಲಿ. ಚಳಿಗಾಲದಲ್ಲಿ ಮಕ್ಕಳು ಒಂದೇ ಕಂಬಳಿಯಡಿ ಮುದುಡಿ ಮಲಗಿದ ಹಾಗೆ ಆ ಮೂರು ಬೆರಳು ಒಂದಕ್ಕೊಂದು ಬಿಸಿ ಕೊಡುತ್ತವೆ. ನೋಡಲು ಏಡಿಯ ಕೊಂಡಿ ಇದ್ದ ಹಾಗಿರುತ್ತದೆ. ಗೆಳತಿಯರು ಇನ್ನಷ್ಟು ನಗಲಿ ಬಿಡಿ.

ಕೊಳ್ಳುವಾಗ ಬೆರಳ ತುದಿಯಲ್ಲಿ ಖಾಲಿ ಜಾಗ ಇದೆಯಾ ನೋಡಿ. ಇದ್ದರೆ ಅಲ್ಲಿ ನೀರು ಕುಲುಕುತ್ತದೆ. ಗಂಡಸರ ಕೈ ಅಳತೆಗೆ ಮಾಡಿದ್ದನ್ನೇ ಎಲ್ಲರಿಗೂ ಅಂತ ಮಾರುತ್ತಾರೆ, ಸಣ್ಣ ಕೈಗೆ ಅದು ಗೋಣಿಚೀಲ. ಮುಷ್ಟಿ ಹಿಡಿದಾಗ ಬೆರಳ ಸಂದಿಯಲ್ಲಿ ಎಳೆಯಬಾರದು. ಹಳೆಯದಾದರೆ ಹಿಸುಕಿ ನೋಡಿ. ಮೆತ್ತಗೆ ಉಬ್ಬಿ ವಾಪಸ್ ಬರದಿದ್ದರೆ ಗುಳ್ಳೆಗಳು ಸತ್ತಿವೆ. ಆಮೇಲೆ ಮಣಿಕಟ್ಟು. ಡಾಕ್ಟರು ನಾಡಿ ಹಿಡಿಯುವ ಜಾಗ ಇದೆಯಲ್ಲ, ಅಲ್ಲಿ ರಕ್ತನಾಳ ಚರ್ಮಕ್ಕೆ ತಾಗಿಕೊಂಡೇ ಹರಿಯುತ್ತದೆ. ಬೆರಳಿಗೆ ಹೋಗುವ ರಕ್ತ ಅಲ್ಲೇ ತಣ್ಣಗಾದರೆ ಮುಂದೆ ಏನು ಹೋಗುತ್ತದೆ? ಗ್ಲೌಸ್ ಮತ್ತು ಸೂಟಿನ ತೋಳು ಒಂದರ ಮೇಲೊಂದು ನಾಲ್ಕು ಬೆರಳಷ್ಟಾದರೂ ಕೂತಿರಬೇಕು. ಕೈ ಚಾಚಿದಾಗಲೂ ಚರ್ಮ ಕಾಣಬಾರದು.

ಈಗ ಹೇಳುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ನಿಮ್ಮ ಬೆರಳು ನೀರಲ್ಲಿ ಸೋಲುವುದಲ್ಲ, ಕಾರ್ ಪಾರ್ಕಿಂಗ್‌ನಲ್ಲೇ ಸೋತಿರುತ್ತವೆ. ನೀವು ಅಲ್ಲಿ ಏನು ಮಾಡುತ್ತೀರಿ ಅಂತ ನಾನು ಇಲ್ಲೇ ಕೂತು ಹೇಳಬಲ್ಲೆ. ಡಿಕ್ಕಿ ತೆಗೆದು, ಬರಿಗೈಯಲ್ಲಿ ತಣ್ಣನೆ ಸಿಲಿಂಡರ್ ಎಳೆಯುತ್ತೀರಿ. ನಿನ್ನೆಯ ಒದ್ದೆ ಪಟ್ಟಿ ಬಿಗಿಯುತ್ತೀರಿ. ರೆಗ್ಯುಲೇಟರಿನ ಲೋಹದ ತಿರುಪು ತಿರುಗಿಸುತ್ತೀರಿ. ಮಾಸ್ಕ್ ತೊಳೆಯುತ್ತೀರಿ. ಗಾಳಿ ಬೀಸುತ್ತಿರುತ್ತದೆ. ಗೆಳತಿಯ ಜಿಪ್ ಸಿಕ್ಕಿಕೊಂಡಿರುತ್ತದೆ. ಇಪ್ಪತ್ತು ನಿಮಿಷ ಆದ ಮೇಲೆ ಕೊನೆಗೆ, ಕೆಂಪಾದ ಕೈಗೆ ತಣ್ಣನೆ ಗ್ಲೌಸ್ ಹಾಕುತ್ತೀರಿ. ತಣ್ಣಗಾದ ಕೈಯನ್ನು ಗ್ಲೌಸಿನೊಳಗೆ ಇಟ್ಟರೆ ಗ್ಲೌಸ್ ಆ ತಂಪನ್ನೇ ಕಾಪಾಡುತ್ತದೆ.

ಇದರ ಬದಲು ಸಿಲಿಂಡರ್, ಬಿಸಿಡಿ ಜೋಡಿಸುವಾಗ ಕೈಗೆ ಒಣ ಉಣ್ಣೆ ಗ್ಲೌಸ್ ಇರಲಿ. ಮನೆಯಲ್ಲೇ ಮಾಡಬಹುದಾದ ಜೋಡಣೆ ಎಲ್ಲ ಮನೆಯಲ್ಲೇ ಮುಗಿಯಲಿ. ಸೂಟ್ ಹಾಕಿದ ಮೇಲೆ ಒಂದೈದು ನಿಮಿಷ ಬಿರುಸಾಗಿ ನಡೆಯಿರಿ, ಬೆವರುವಷ್ಟಲ್ಲ. ನಿಂತಲ್ಲೇ ತೋಳನ್ನು ರಾಟೆಯ ಹಾಗೆ ಇಪ್ಪತ್ತು ಸುತ್ತು ತಿರುಗಿಸಿ, ರಕ್ತ ಬೆರಳ ತುದಿಗೆ ನುಗ್ಗುವುದು ಗೊತ್ತಾಗುತ್ತದೆ. ಆಮೇಲೆ ಫ್ಲಾಸ್ಕ್ ತೆಗೆಯಿರಿ. ಅದರಲ್ಲಿ ಬಿಸಿನೀರು ಇರಲಿ. ತಣ್ಣೀರು ಬೆರೆಸಿ, ಕೂಸಿಗೆ ಎರೆಯುವ ನೀರಿನ ಹದಕ್ಕೆ ತನ್ನಿ. ಮೊಣಕೈ ಅದ್ದಿ ನೋಡಿ, ನಮ್ಮವ್ವಂದಿರು ನೋಡುವ ಹಾಗೇ. ಜೋಮು ಹಿಡಿದ ಬೆರಳಿಗೆ ಸುಡುವುದೂ ಗೊತ್ತಾಗಲ್ಲ, ಅದಕ್ಕೇ ಬೆರಳಿಂದ ನೋಡಬೇಡಿ. ಆ ನೀರನ್ನು ಎರಡೂ ಗ್ಲೌಸಿಗೆ ತುಂಬಿ, ಕೈ ಹಾಕಿ, ಹೆಚ್ಚಾದದ್ದನ್ನು ಹಿಂಡಿ ತಕ್ಷಣ ನೀರಿಗಿಳಿಯಿರಿ. ಒಳಗೆ ಸೇರುವ ಮೊದಲ ನೀರು ತಣ್ಣಗಿದ್ದರೆ ಅದನ್ನು ಬಿಸಿ ಮಾಡುವುದು ನಿಮ್ಮ ರಕ್ತವೇ. ಬೆಚ್ಚಗಿದ್ದರೆ ಆ ಕೂಲಿ ಉಳಿಯಿತು.

ಹೊಟ್ಟೆ ಖಾಲಿ ಇಟ್ಟುಕೊಂಡು ಇಳಿಯಬೇಡಿ. ಮೈಗೆ ಉರಿಯಲು ಸೌದೆ ಬೇಕು. ಅಲ್ಲಿ ಒಗ್ಗಾಣಿ-ಮಿರ್ಚಿ ಸಿಗಲ್ಲ ಅಂತ ಗೊತ್ತು (ಸಿಕ್ಕರೂ ಡೈವ್‌ಗೆ ಮುಂಚೆ ಮಿರ್ಚಿ ಬೇಡ, ನೀರಡಿಯಲ್ಲಿ ತೇಗು ಬರುವುದು ಒಳ್ಳೇ ಅನುಭವ ಅಲ್ಲ). ಗಂಜಿಯೋ, ಬ್ರೆಡ್ಡೋ ಬಿಸಿಯಾಗಿ ತಿನ್ನಿ, ನೀರು ಕುಡಿಯಿರಿ. ಸಿಗರೇಟು ರಕ್ತನಾಳ ಮುದುಡಿಸುತ್ತದೆ. ಮದ್ಯ ಚರ್ಮಕ್ಕೆ ಬಿಸಿ ತಂದ ಹಾಗೆ ಮಾಡಿ ಒಳಗಿನ ಶಾಖ ಹೊರಗೆ ಚೆಲ್ಲುತ್ತದೆ. ಎರಡೂ ಬೇಡ.

ನೀರೊಳಗೆ ಕೈ ಸುಮ್ಮನಿರಲಿ. ಹೊಸಬರು ಕೈಯಲ್ಲಿ ಹುಟ್ಟು ಹಾಕುತ್ತಾರೆ, ಸಣಾಪುರದ ಕೆರೆಯಲ್ಲಿ ಹರಿಗೋಲು ನಡೆಸುವವರ ಹಾಗೆ. ಪ್ರತಿ ಬೀಸಿಗೂ ಹೊಸ ತಣ್ಣೀರು ಗ್ಲೌಸಿನ ಸುತ್ತ ಹರಿಯುತ್ತದೆ. ಎರಡೂ ಕೈ ಎದೆಗೆ ಅವಚಿಕೊಳ್ಳಿ, ಈಜುವ ಕೆಲಸ ಕಾಲಿನ ಫಿನ್‌ಗೆ ಬಿಡಿ. ಲೋಹದ ಟಾರ್ಚು ಮುಷ್ಟಿಯಲ್ಲಿ ಹಿಡಿದುಕೊಂಡೇ ಇರಬೇಡಿ.

ಎರಡನೇ ಡೈವ್ ಇದ್ದರೆ ಒಣಗಿದ ಇನ್ನೊಂದು ಜೊತೆ ಗ್ಲೌಸ್ ಇಟ್ಟುಕೊಳ್ಳಿ. ಗಾಳಿಗೆ ಇಟ್ಟ ಒದ್ದೆ ಗ್ಲೌಸ್ ಅಂದರೆ ಮಣ್ಣಿನ ಹೂಜಿ ಇದ್ದ ಹಾಗೆ. ನೀರು ಆವಿಯಾಗುತ್ತಾ ಒಳಗಿದ್ದದ್ದನ್ನೆಲ್ಲ ತಂಪು ಮಾಡುತ್ತದೆ. ಮೇ ತಿಂಗಳಲ್ಲಿ ರಾಯಚೂರಿಗೆ ಅದು ಬೇಕು, ನಿಮಗೆ ಬೇಡ.

ಡ್ರೈಸೂಟ್ ಬಂದ ಮೇಲೆ ಮುಂದಿನ ಮೆಟ್ಟಿಲು ಡ್ರೈ ಗ್ಲೌಸ್. ತೋಳಿನ ತುದಿಯ ಗಟ್ಟಿ ಬಳೆಗೆ ರಬ್ಬರ್ ಗ್ಲೌಸ್ ಕೂರುತ್ತದೆ, ಒಳಗೆ ಉಣ್ಣೆಯ ಇನ್ನೊಂದು ಗ್ಲೌಸ್. ಕೈ ಪೂರ್ತಿ ಒಣಗಿರುತ್ತದೆ. ನನ್ನ ಅನುಭವದಲ್ಲಿ ಇದರಷ್ಟು ವ್ಯತ್ಯಾಸ ಮಾಡುವ ಸಾಮಾನು ಬೇರೆ ಇಲ್ಲ. ಆದರೆ ಒಂದು ಗುಟ್ಟಿದೆ. ಆಳಕ್ಕೆ ಹೋದಂತೆ ಗ್ಲೌಸಿನೊಳಗಿನ ಗಾಳಿ ಕುಗ್ಗಿ, ರಬ್ಬರು ಕೈಯನ್ನು ಕಚ್ಚಿ ಹಿಡಿಯುತ್ತದೆ. ಉಣ್ಣೆಯೂ ಅಪ್ಪಚ್ಚಿ, ರಕ್ತವೂ ಬಂದ್. ಅದಕ್ಕೆ ಮಣಿಕಟ್ಟಿನ ಸೀಲ್ (ನೀರು ತಡೆಯುವ ಸೂಟಿನ ಬಿಗಿ ಪಟ್ಟಿ) ಅಡಿಯಲ್ಲಿ ಸಣ್ಣ ಕೊಳವೆಯನ್ನೋ, ದಾರದ ತುಂಡನ್ನೋ ತೂರಿಸಿಡುತ್ತಾರೆ. ಸೂಟಿನ ಗಾಳಿ ಗ್ಲೌಸಿಗೂ ಹೋಗುತ್ತದೆ. ಇದರ ತೊಂದರೆ ಏನೆಂದರೆ, ಗ್ಲೌಸ್ ಹರಿದರೆ ನೀರು ಅದೇ ದಾರಿಯಲ್ಲಿ ತೋಳಿಗೂ ಬರುತ್ತದೆ. ಆದರೂ ನಾನು ಕೊಳವೆ ಇಟ್ಟುಕೊಳ್ಳುವವರ ಪಕ್ಷ. ಸೀಲನ್ನು ಮಾತ್ರ ಪೂರ್ತಿ ಕಿತ್ತುಹಾಕಬೇಡಿ, ಹಾಗೆ ಮಾಡಿದರೆ ಒಂದು ಸಣ್ಣ ತೂತಿಗೆ ಇಡೀ ಸೂಟೇ ಕೆರೆ. ಹೊಸ ಗ್ಲೌಸನ್ನು ಮೊದಲು 5 ಮೀಟರ್ ನೀರಲ್ಲೇ ಪರೀಕ್ಷೆ ಮಾಡಿ.

ಬ್ಯಾಟರಿಯ ಬಿಸಿ ಗ್ಲೌಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೆಲಸ ಮಾಡುತ್ತವೆ, ಆದರೆ ನಡುವೆ ಕೈಕೊಟ್ಟರೆ ಮೇಲೆ ಬರುವ ಹೊತ್ತಿಗೆ ಕೈ ಪೂರ್ತಿ ತಣ್ಣಗಿರುತ್ತದೆ. ಆಳದಲ್ಲಿ ಬೆಚ್ಚಗಿದ್ದು ಮೇಲೇರುವಾಗ ತಣ್ಣಗಾಗುವುದು ಡೀಕಂಪ್ರೆಶನ್ (ಮೇಲೇರುವಾಗ ಒತ್ತಡ ಇಳಿದು ಮೈಯಲ್ಲಿ ಕರಗಿದ ಗಾಳಿ ಹೊರಬರುವುದು) ಲೆಕ್ಕದಲ್ಲಿ ಕೆಟ್ಟ ಜೋಡಿ. ಅಮೆರಿಕದ ನೌಕಾಪಡೆಯ ಡೈವಿಂಗ್ ಪ್ರಯೋಗ ಘಟಕ 2007ರಲ್ಲಿ ಕೊಟ್ಟ ವರದಿಯಲ್ಲಿ ಇದೇ ಕಂಡುಬಂದಿತ್ತು. ಬೆಚ್ಚಗಿರುವಾಗ ಮೈ ಜಾಸ್ತಿ ನೈಟ್ರೋಜನ್ ಎಳೆದುಕೊಳ್ಳುತ್ತದೆ, ತಣ್ಣಗಾದಾಗ ಅದನ್ನು ಬೇಗ ಹೊರಗೆ ಬಿಡಲ್ಲ. ನೀವು ಈಗಿನ ಮಟ್ಟದಲ್ಲಿ ಅವಕ್ಕೆ ದುಡ್ಡು ಸುರಿಯಬೇಡಿ. ಜೇಬಿನಲ್ಲಿಡುವ ಬಿಸಿ ಪೊಟ್ಟಣಗಳಂತೂ ಬೇಡವೇ ಬೇಡ. ಅದರಲ್ಲಿರುವ ಕಬ್ಬಿಣದ ಪುಡಿ ಆಮ್ಲಜನಕ ತಾಗಿ ಬಿಸಿಯಾಗುತ್ತದೆ. ಒದ್ದೆ ಗ್ಲೌಸಿನಲ್ಲಿ ಅದು ಕೆಸರು. ಡ್ರೈಸೂಟಿನೊಳಗೆ, ಒತ್ತಡದ ಗಾಳಿಯಲ್ಲಿ, ಜಾಸ್ತಿ ಕಾದು ಚರ್ಮ ಸುಡಬಹುದು. ಉತ್ತರ ಸಮುದ್ರದಲ್ಲಿ ಎಣ್ಣೆ ಬಾವಿ ಕೆಲಸದ ಡೈವರ್‌ಗಳಿಗೆ ಹಡಗಿನಿಂದಲೇ ಪೈಪಿನಲ್ಲಿ ಬಿಸಿನೀರು ಸೂಟಿನೊಳಗೆ ಹರಿಸುತ್ತಾರೆ. ಆ ರಾಜಭೋಗ ನಮಗಿಲ್ಲ.

ಮೇಲೆ ಬಂದ ಮೇಲಿನ ನೋವು ಅಂದಿರಲ್ಲ, ಅದು ಮುಚ್ಚಿದ್ದ ಗೇಟು ತೆಗೆದು ರಕ್ತ ವಾಪಸ್ ನುಗ್ಗುವ ನೋವು. ಒದ್ದೆ ಬಟ್ಟೆ ಬಿಚ್ಚಿ, ಮೊದಲು ಮೈಗೆ ಒಣ ಬಟ್ಟೆ, ತಲೆಗೆ ಟೋಪಿ. ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ, ಅಥವಾ ಉಗುರು ಬೆಚ್ಚಗಿನ ನೀರಲ್ಲಿ. ತಿಕ್ಕಬೇಡಿ. ಕಾರಿನ ಹೀಟರಿಗೆ ಹಿಡಿಯಬೇಡಿ. ಡೈವ್ ಮುಗಿದ ಕೂಡಲೇ ಮೈತುಂಬ ಬಿಸಿನೀರು ಸುರಿದುಕೊಳ್ಳುವುದೂ ಬೇಡ, ಚರ್ಮ ಥಟ್ಟನೆ ಕಾದರೆ ಅಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಬಹುದು.

ಕೈ ಬೆಚ್ಚಗಾದ ಮೇಲೂ ಜೋಮು ಹೋಗದಿದ್ದರೆ, ಒಂದೇ ಕೈಯಲ್ಲಿ ಇದ್ದರೆ, ಭುಜ ಮೊಣಕೈ ನೋಯುತ್ತಿದ್ದರೆ, ಅದನ್ನು ಚಳಿ ಅಂತ ತಳ್ಳಿಹಾಕಬೇಡಿ. ಡೀಕಂಪ್ರೆಶನ್ ಕಾಯಿಲೆಯೂ ಹೀಗೇ ಶುರುವಾಗುತ್ತದೆ. ಆಮ್ಲಜನಕ ತಗೊಂಡು ತಕ್ಷಣ ಡೈವಿಂಗ್ ಡಾಕ್ಟರಿಗೆ ಫೋನ್ ಮಾಡಬೇಕು. ಇನ್ನೊಂದು, ಬೆರಳು ಮೊದಲು ಸುಣ್ಣದಂತೆ ಬಿಳಿ, ಆಮೇಲೆ ನೀಲಿ, ಆಮೇಲೆ ಕೆಂಪಾಗುತ್ತವಾ? ಮನೆಯಲ್ಲಿ ಫ್ರಿಜ್ ಸಾಮಾನು ಮುಟ್ಟಿದರೂ ಹೀಗಾಗುತ್ತಾ? ಹಾಗಿದ್ದರೆ ರೇನೋ ಅನ್ನುವ ತೊಂದರೆ ಇರಬಹುದು. 1862ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ಡಾಕ್ಟರ ಹೆಸರೇ ಅದಕ್ಕೆ. ಹೆಂಗಸರಲ್ಲಿ ಜಾಸ್ತಿ. ಮುಂದಿನ ಡೈವ್‌ಗೆ ಮುಂಚೆ ಡಾಕ್ಟರಿಗೆ ತೋರಿಸಿ.

ಬಿಸಿಲೂರಿನ ಕೈ ಅಂತ ನಗುತ್ತಾರೆ ಅಂದಿರಿ. ಪೂರ್ತಿ ಸುಳ್ಳಲ್ಲ, ಆದರೆ ಅವರು ಅಂದುಕೊಂಡ ಹಾಗೂ ಅಲ್ಲ. ತಣ್ಣೀರಲ್ಲಿಟ್ಟ ಬೆರಳಿಗೆ ಐದು ಹತ್ತು ನಿಮಿಷ ಆದ ಮೇಲೆ ಮೈ ಒಮ್ಮೆ ಗೇಟು ತೆಗೆದು ಸ್ವಲ್ಪ ಬಿಸಿ ರಕ್ತ ಬಿಡುತ್ತದೆ, ಮತ್ತೆ ಮುಚ್ಚುತ್ತದೆ, ಮತ್ತೆ ಬಿಡುತ್ತದೆ. ಕಾಲುವೆಯ ವಾರಾಬಂದಿ, ಅಂದರೆ ಸರದಿ ಪ್ರಕಾರ ನೀರು ಬಿಡುವುದು, ಇದ್ದ ಹಾಗೆ. ಬ್ರಿಟನ್ನಿನ ಥಾಮಸ್ ಲೂಯಿಸ್ 1930ರಲ್ಲೇ ಇದನ್ನು ಬರೆದಿದ್ದಾರೆ. ವರ್ಷಗಟ್ಟಲೆ ತಣ್ಣೀರಲ್ಲಿ ಬಲೆ ಎಳೆಯುವ ಕೆನಡಾದ ಗ್ಯಾಸ್ಪೆ ಕಡೆಯ ಮೀನುಗಾರರ ಕೈ ಬೇರೆಯವರ ಕೈಗಿಂತ ಬೆಚ್ಚಗಿರುವುದನ್ನೂ ಅಳೆದು ನೋಡಿದ್ದಾರೆ. ಅದು ದಿನಾ ಮಾಡುವ ಕಸುಬಿನಿಂದ ಬಂದದ್ದು, ತಿಂಗಳಿಗೆ ಎರಡು ಡೈವ್‌ನಿಂದ ಬರಲ್ಲ. ನಿಮ್ಮ ಗೆಳತಿಯರೂ ಬಲೆ ಎಳೆಯುವವರಲ್ಲ ತಾನೇ? ಮೈ ತಣ್ಣಗಾದರೆ ಈ ವಾರಾಬಂದಿಯೂ ಬಂದ್, ಅವರಿಗೂ ನಿಮಗೂ. ಅವರು ಡ್ರೈಸೂಟ್ ಹಾಕುತ್ತಾರಾ ನೋಡಿ. ನನ್ನ ಅಂದಾಜು, ವ್ಯತ್ಯಾಸ ಅಲ್ಲೇ ಇದೆ.

ಊರಿಗೆ ಬಂದಾಗ ಅಭ್ಯಾಸ ಅಂತ ದಯವಿಟ್ಟು ಕಾಲುವೆಗೆ ಇಳಿಯಬೇಡಿ. ನೀರಿನ ಸೆಳೆತ ಹೊರಗೆ ಕಾಣಲ್ಲ, ಲೈನಿಂಗ್ ಇಳಿಜಾರಲ್ಲಿ ಪಾಚಿ, ಹತ್ತಿ ಬರಲು ಹಿಡಿತ ಸಿಗಲ್ಲ. ಐಸ್ ನೀರಿನ ಬಕೆಟ್ಟಿನಲ್ಲಿ ಕೈ ಇಟ್ಟು ಪಳಗಿಸುವುದೂ ಸುಮ್ನೆ ಹಿಂಸೆ. ಅದರ ಬದಲು ನಿಮ್ಮ ಬಿಸಿಡಿ ಜೊತೆಗೆ ತನ್ನಿ. ಪಡಸಾಲೆಯಲ್ಲಿ ಕೂತು, ಗ್ಲೌಸ್ ಹಾಕಿ, ಕಣ್ಣು ಮುಚ್ಚಿ ಬಕಲ್ ಬಿಚ್ಚಿ ಹಾಕಿ. ಇನ್‌ಫ್ಲೇಟರ್ ಹುಡುಕಿ, ಅಂಗೈ ಬುಡದಿಂದ ಒತ್ತಿ. ಎಡಗೈ ಇಲ್ಲ ಅಂದುಕೊಂಡು ಬಲಗೈ ಒಂದರಲ್ಲೇ ಎಲ್ಲ ಮಾಡಿ. ದಿನಕ್ಕೆ ಹತ್ತು ನಿಮಿಷ ಸಾಕು. ಓಣಿಯ ಮಕ್ಕಳೆಲ್ಲ ನೋಡಲು ಸೇರುತ್ತಾರೆ, ಅದಕ್ಕೆ ನಾನು ಹೊಣೆಯಲ್ಲ.

ಅವ್ವ ಹೆಣೆಯುವ ಗ್ಲೌಸ್ ಬೇಡ ಅನ್ನಬೇಡಿ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಜಿಟಿಜಿಟಿ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ನಿಲ್ಲುವ ನಮ್ಮ ಕುರಿಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬಳ್ಳಾರಿ ಕುರಿಯ ಉಣ್ಣೆ ಒರಟು, ಕಂಬಳಿಗೆ ಸರಿ, ಬೆರಳಿಗೆ ಚುಚ್ಚುತ್ತದೆ. ಕಾರ್ ಪಾರ್ಕಿಂಗ್‌ನಲ್ಲಿ ಸಾಮಾನು ಜೋಡಿಸುವಾಗ ಹಾಕಲು ಅದರದ್ದೇ ಒಂದು ಜೊತೆ ಹೆಣೆದು ಕೊಡಲಿ. ಡ್ರೈ ಗ್ಲೌಸ್ ಒಳಗೆ ಹಾಕಲು ಇನ್ನೊಂದು ಜೊತೆಗೆ ನೀವು ಅಲ್ಲಿಂದಲೇ ಮೆರಿನೊ ನೂಲು ತಂದು ಕೊಡಿ. ತೆಳ್ಳಗೆ ಹೆಣೆಯಲು ಹೇಳಿ. ಮುಷ್ಟಿ ಮಡಚಿ ಅಳತೆ ಕೊಡಿ, ಚಾಚಿದ ಕೈಯದ್ದಲ್ಲ. ಮಣಿಕಟ್ಟಿನ ಹತ್ತಿರ ಮಡಿಕೆ ಬೇಡ, ಸೀಲ್ ಅಡಿ ಸಿಕ್ಕಿಕೊಂಡರೆ ನೀರು ಸೋರುತ್ತದೆ. ದಾರದ ಗಂಟನ್ನು ಬೆರಳ ತುದಿಯಲ್ಲಿ ಹಾಕದೆ, ಪಕ್ಕಕ್ಕೆ ಹಾಕಲಿ.